ಮೂಲ ಧ್ವನಿ

ಮಾರ್ಚ್ 3, ಸೋಮವಾರ

ಆಪರೇಷನ್ ಆಗಿ ಇವತ್ತಿಗೆ ಐದನೇ ದಿನ. ಇನ್ನೂ ಹತ್ತು ದಿನ ಒಂದೇ ಒಂದು ಮಾತೂ ಆಡಕೂಡದು. ಪಿಸುಗುಟ್ಟುವುದು ಕೂಗುವುದಕ್ಕಿಂತ ಕೆಟ್ಟದ್ದಂತೆ. ಗಂಟಲಿನ ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿ, ಎರಡು ಗಂಟು, ಇಪ್ಪತ್ತೆರಡು ವರ್ಷದ ಸಂಪಾದನೆ ಎಂದಿದ್ದರು. ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದ ಪ್ರಕಟಣೆ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ತಡ, ಯಾರು ಎಲ್ಲಿ ನಿಲ್ಲಬಾರದು ಎಂದು ಹೇಳಿದವಳ ಬಾಯಿಗೆ ಈಗ ಬೀಗ.

ಇವರು ಒಂದು ಸ್ಲೇಟು, ಒಂದು ನೋಟ್‌ಬುಕ್ಕು ತಂದುಕೊಟ್ಟಿದ್ದಾರೆ. ಸ್ಲೇಟು ಮನೆಯವರಿಗೆ, ನೋಟ್‌ಬುಕ್ಕು ನನಗೆ. ಸ್ಲೇಟಿನಲ್ಲಿ ಬೈಯಲು ಆಗುವುದಿಲ್ಲ. ಬೆಳಿಗ್ಗೆ ಇವರು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಹೊರಟರು. ನಾನು ‘ಟವೆ’ ಎಂದು ಬರೆಯುವಷ್ಟರಲ್ಲಿ ಬಾಗಿಲು ಹಾಕಿದ ಸದ್ದು. ಲಿಫ್ಟ್ ರಿಪೇರಿಯವರು, ಅವರಿಗೆ ಬೆಳಿಗ್ಗೆಯೇ ಯಾವುದೋ ಕಟ್ಟಡದಲ್ಲಿ ಯಾರೋ ಸಿಕ್ಕಿಹಾಕಿಕೊಂಡಿರುತ್ತಾರೆ.

ಮಗಳು ನಾನು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುವುದನ್ನು ನೋಡಿ, ಫೋನು ಕಿತ್ತುಕೊಂಡು ಅದರಲ್ಲೊಂದು ಆ್ಯಪ್ ಹಾಕಿ, ನನ್ನ ಹೆಸರಿನಲ್ಲಿ ಖಾತೆ ತೆರೆದುಕೊಟ್ಟಳು. ಚಿಕ್ಕ ಚಿಕ್ಕ ವಿಡಿಯೋಗಳು, ಬೆರಳಿನಿಂದ ತಳ್ಳಿದರೆ ಮುಂದಿನದು. “ಇದನ್ನ ನೋಡ್ತಾ ಕೂತ್ಕೋ” ಎಂದು ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೊರಟಳು. ಹತ್ತೊಂಬತ್ತು ವರ್ಷ ಅವಳಿಗೆ, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಎರಡನೇ ವರ್ಷ. ನನ್ನ ಜೊತೆ ಅವಳ ಮಾತು ‘ಹೂಂ’, ‘ಸರಿ’, ‘ಗೊತ್ತು’ ಇಷ್ಟರಲ್ಲೇ ಮುಗಿಯುತ್ತದೆ. ಇವತ್ತಿನದು ಅವಳ ಮಟ್ಟಿಗೆ ಭಾಷಣ.

ಮಾರ್ಚ್ 5, ಬುಧವಾರ

ಆ್ಯಪಿನಲ್ಲಿ ಎಲ್ಲರೂ ಕುಣಿಯುತ್ತಾರೆ, ಇಲ್ಲವೇ ಅಳುತ್ತಾರೆ. ತೆಗೆದು ಬಿಸಾಡೋಣ ಎಂದುಕೊಳ್ಳುತ್ತಿರುವಾಗ ಒಬ್ಬ ಕನ್ನಡಕದವನು ಸಿಕ್ಕಿದ. ಈ ಆ್ಯಪಿನಲ್ಲಿ ಜನಕ್ಕೆ ಗೊತ್ತೇ ಇಲ್ಲದ ಸೌಲಭ್ಯಗಳನ್ನು ಒಂದೊಂದಾಗಿ ಹೇಳಿಕೊಡುತ್ತಾನೆ. ಇದು ನನ್ನ ಜಾತಿಯ ಮನುಷ್ಯ. ನಿಲ್ದಾಣಕ್ಕೆ ಹೊಸ ಮೈಕು ಬಂದಾಗ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ನಾನೊಬ್ಬಳೇ.

ಇವತ್ತು ಕಲಿತದ್ದು: ಬೇಡದ ಪದಗಳ ಪಟ್ಟಿ ಕೊಟ್ಟರೆ ಅವುಗಳಿರುವ ಕಾಮೆಂಟು ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿಸಿಬಿಟ್ಟರೆ ನಾವು ಆ್ಯಪಿನಲ್ಲಿ ಇರುವುದು ಯಾರಿಗೂ ತಿಳಿಯುವುದಿಲ್ಲ. ಒಂದೇ ಫೋನಿನಲ್ಲಿ ಎರಡು ಖಾತೆ ಇಟ್ಟುಕೊಳ್ಳಬಹುದು. ವಿಡಿಯೋದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೂಲ ಧ್ವನಿ’ ಎಂದಿರುತ್ತದೆ. ಅದನ್ನು ಒತ್ತಿದರೆ ಆ ಸದ್ದು ಮೊದಲು ಯಾರದ್ದು, ಯಾರ್‍ಯಾರು ಅದನ್ನು ಬಳಸಿಕೊಂಡಿದ್ದಾರೆ, ಎಲ್ಲವೂ ಸಾಲಾಗಿ ಬರುತ್ತದೆ.

ಇದನ್ನೆಲ್ಲ ಊಟದ ಹೊತ್ತಿಗೆ ಇವರಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದೆ. ಮೂರು ಸಲ ಒರೆಸಬೇಕಾಯಿತು. ಇವರು ಓದಿ, ಇಷ್ಟೆಲ್ಲ ಕಲಿತು ಏನು ಮಾಡ್ತೀಯ ಎಂದರು. ಅದಕ್ಕೆ ಸ್ಲೇಟಿನಲ್ಲಿ ಜಾಗವಿರಲಿಲ್ಲ.

ಮಾರ್ಚ್ 7, ಶುಕ್ರವಾರ



ಮಧ್ಯಾಹ್ನ ಬೆರಳು ತಳ್ಳುತ್ತಾ ಕೂತಿದ್ದೆ. ಒಂದು ಬೆಕ್ಕಿನ ವಿಡಿಯೋ ಬಂತು. ಬೆಕ್ಕು ಮೇಜಿನ ಮೇಲಿನ ಲೋಟವನ್ನು ಪಂಜದಿಂದ ಸ್ವಲ್ಪ ಸ್ವಲ್ಪವೇ ತಳ್ಳಿ ಬೀಳಿಸುತ್ತದೆ, ಮುಖ ಆ ಕಡೆ ತಿರುಗಿಸುತ್ತದೆ. ಹಿಂದಿನಿಂದ ಒಂದು ಹೆಣ್ಣು ದನಿ, ಗಂಭೀರವಾಗಿ: “ಉಂಟಾದ ತೊಂದರೆಗೆ ಅವಳು ವಿಷಾದಿಸುವುದಿಲ್ಲ.”

ನನ್ನ ದನಿ.

ನನ್ನ ದನಿ ನನಗೆ ಗೊತ್ತಾಗದೇ ಇರುತ್ತದೆಯೇ? ‘ತೊಂದರೆಗೆ’ ಎನ್ನುವಾಗ ಕೊನೆಯಲ್ಲಿ ಒಂದು ಕೂದಲೆಳೆಯಷ್ಟು ಎಳೆಯುತ್ತೇನೆ. ಹೊಸಬರಿಗೆ ಅದನ್ನು ಹೇಳಿಕೊಟ್ಟವಳೂ ನಾನೇ. ಹತ್ತು ಸಲ ಕೇಳಿದೆ. ಆಮೇಲೆ ‘ಮೂಲ ಧ್ವನಿ’ ಒತ್ತಿದೆ. 4,116 ವಿಡಿಯೋಗಳು. ಗಂಡ ಹೊರಗೆ ಕಾಯುತ್ತಿದ್ದರೂ ಕನ್ನಡಿ ಮುಂದಿನಿಂದ ಏಳದ ಹೆಂಡತಿ. ಒದ್ದರೂ ಸ್ಟಾರ್ಟ್ ಆಗದ ಸ್ಕೂಟರು. ಬಾಗಿಲು ಅರ್ಧ ತೆರೆದುಕೊಂಡೇ ಹೊರಡುವ ಬಸ್ಸು. ಎಲ್ಲದರ ಹಿಂದೆಯೂ ನಾನು. ಅವಳು ವಿಷಾದಿಸುವುದಿಲ್ಲ, ಅವಳು ವಿಷಾದಿಸುವುದಿಲ್ಲ.

ಇದು ನಿಲ್ದಾಣದ್ದಲ್ಲ. ಅಲ್ಲಿ ನಾವು ದಿನಕ್ಕೆ ನಲವತ್ತು ಸಲ ವಿಷಾದಿಸುತ್ತೇವೆ. ವಿಷಾದಿಸುವುದಿಲ್ಲ ಎಂದು ಮೈಕಿನಲ್ಲಿ ಹೇಳಿದ್ದರೆ ಆ ದಿನವೇ ಮನೆಗೆ ಕಳಿಸಿರುತ್ತಿದ್ದರು. ಹಾಗಾದರೆ ಎಲ್ಲಿ ಹೇಳಿದೆ?

ಮಾರ್ಚ್ 8, ಶನಿವಾರ

ಸಿಕ್ಕಿತು.

ಆ ಸದ್ದಿನ ಮೊದಲ ವಿಡಿಯೋ ‘ತಡವಾದ ಗಾಡಿ’ ಎಂಬ ಖಾತೆಯದು. ಮುಖವಿಲ್ಲ, ಊರಿಲ್ಲ. ಚಿತ್ರದಲ್ಲಿ ಒಳಗಿನಿಂದ ಮುಚ್ಚಿದ ಬಾಗಿಲು, ಬಾಗಿಲ ಕೊಕ್ಕೆಯಲ್ಲಿ ತೋಳು ಹರಿದ ನೀಲಿ ರೇನ್‌ಕೋಟು. ಆ ಹರಿದ ತೋಳನ್ನು ಹೊಲಿದುಕೊಡು ಎಂದು ಮಗಳು ಎರಡು ವರ್ಷದಿಂದ ಹೇಳುತ್ತಿದ್ದಾಳೆ.

ಬಾಗಿಲ ಆಚೆಯಿಂದ ನಾನು: “ದಯವಿಟ್ಟು ಗಮನಿಸಿ. ಬೆಳಿಗ್ಗೆ ಏಳಕ್ಕೆ ಏಳಬೇಕಾಗಿದ್ದ ಮಗಳು ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಏಳಲಿದ್ದಾಳೆ. ಉಂಟಾದ ತೊಂದರೆಗೆ ಅವಳು ವಿಷಾದಿಸುವುದಿಲ್ಲ.”

ನೆನಪಾಯಿತು. ನವೆಂಬರಿನಲ್ಲಿ ಒಂದು ದಿನ ಕೋಪಕ್ಕೆ ಹಾಗೆ ಅಂದಿದ್ದೆ. ಇವರು ಹಾಲ್‌ನಲ್ಲಿ ಕೂತು ನಕ್ಕಿದ್ದರು. ಅವಳು ನಕ್ಕಳೋ ಇಲ್ಲವೋ, ಬಾಗಿಲು ಮುಚ್ಚಿತ್ತು.

ಒಟ್ಟು ಒಂಬತ್ತು ವಿಡಿಯೋ. ಪ್ರಕಟಣೆ ಒಂದು, ಪ್ರಕಟಣೆ ಎರಡು ಎಂದು ಹೆಸರು. ಎಲ್ಲದರಲ್ಲೂ ಅದೇ ಬಾಗಿಲು, ಅದೇ ರೇನ್‌ಕೋಟು, ಆಚೆ ನಾನು. ಬಟ್ಟೆ ಮಡಚಿಲ್ಲ. ಲೈಟು ಆರಿಸಿಲ್ಲ. ಅಂಕ ಕಡಿಮೆ ಬಂದರೆ ಮುಂದೆ ಯಾರ ರಕ್ತ ಯಾರದ್ದೋ ಎಂದು ಬರೆದುಕೊಡುತ್ತೀಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗುವುದೆಲ್ಲಿಗೆ? ಒಂದೂ ಹೋಗಿಲ್ಲ, ಎಲ್ಲ ಇಲ್ಲೇ ಸಾಲಾಗಿ ಕೂತಿವೆ. ಅಪರಿಚಿತರು ಕೆಳಗೆ ನಗುವ ಮುಖಗಳನ್ನು ಒತ್ತಿದ್ದಾರೆ.

ಮನೆಯ ಮಾತನ್ನು ಬೀದಿಗಿಟ್ಟಳಲ್ಲ ಎಂದು ಉರಿದುಹೋಯಿತು. ಅವಳು ಬಂದ ಕೂಡಲೇ ತೋರಿಸಬೇಕೆಂದು ಸ್ಲೇಟಿನ ಮೇಲೆ ‘ಇದೇನು?’ ಎಂದು ದೊಡ್ಡದಾಗಿ ಬರೆದಿಟ್ಟೆ. ಅವಳು ಬರುವ ಹೊತ್ತಿಗೆ ಒರೆಸಿಬಿಟ್ಟೆ.

ಕಾರಣ ಎಂಟನೆಯ ವಿಡಿಯೋ. ಅದರ ಮೊದಲಲ್ಲಿ ಅವಳ ದನಿಯಿದೆ. “ಅಮ್ಮ, ಬಾಗಿಲ ಹತ್ರ ಬಾ, ನಿನಗೆ ಒಂದು ವಿಷಯ…” ಅಷ್ಟರಲ್ಲಿ ನಾನು ಶುರು. ಒಂದು ನಿಮಿಷ ಹನ್ನೊಂದು ಸೆಕೆಂಡು ನಾನೇ. ವಿಡಿಯೋ ಮುಗಿಯುತ್ತದೆ. ಯಾವ ವಿಷಯ?

ಮಾರ್ಚ್ 10, ಸೋಮವಾರ

ಎರಡನೇ ಖಾತೆ ತೆರೆದೆ. ಹೆಸರು ‘ಕಿಟಕಿ ಪಕ್ಕದ ಸೀಟು’. ಹಸಿರು ಚುಕ್ಕೆ ಆರಿಸಿದೆ. ಫೋನಿನಲ್ಲಿರುವ ನಂಬರುಗಳವರಿಗೆ ನನ್ನ ಖಾತೆ ತೋರಿಸಬೇಡ ಎಂಬ ಸೌಲಭ್ಯವೂ ಇದೆ, ಅದನ್ನೂ ಒತ್ತಿದೆ. ‘ತಡವಾದ ಗಾಡಿ’ ಏನು ಹಾಕಿದರೂ ನನಗೆ ಗಂಟೆ ಹೊಡೆಯಬೇಕು ಎಂದು ಹೇಳಿಟ್ಟೆ. ಕನ್ನಡಕದವನಿಗೆ ಒಳ್ಳೆಯದಾಗಲಿ. ಇಷ್ಟು ಕಷ್ಟಪಟ್ಟು ಯಾರೂ ಮಗಳ ಪಕ್ಕದ ಕೋಣೆಯಲ್ಲಿ ಕೂತಿರಲಾರರು.

ಗಂಟೆ ಹೊಡೆಯುವುದೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತೇನೆ. ಒಲೆಯ ಮೇಲಿನ ಹಾಲು ಉಕ್ಕಿ ಆರಿತು.

ಮಾರ್ಚ್ 12, ಬುಧವಾರ

ಗಂಟೆ ಹೊಡೆಯಿತು. ಬೆಳಿಗ್ಗೆ ಅವಳು ಹೊರಟು ಅರ್ಧ ಗಂಟೆಗೆ.

ಹೊಸ ವಿಡಿಯೋ. ಅದೇ ಬಾಗಿಲು, ಆದರೆ ಮಾತಿಲ್ಲ. ಪಾತ್ರೆಗೆ ಚಮಚ ತಗುಲುತ್ತದೆ. ಬಳಪ ಸ್ಲೇಟಿನ ಮೇಲೆ ಕಿರ್ರೆನ್ನುತ್ತದೆ. ನನ್ನ ಚಪ್ಪಲಿ ಆ ಕಡೆ ಈ ಕಡೆ. ಕೆಳಗೆ ಬರೆದಿದ್ದಾಳೆ: ‘ಹದಿನಾಲ್ಕನೇ ದಿನ. ಪ್ರಕಟಣೆ ಇಲ್ಲ.’

ಅಮ್ಮ ಎಲ್ಲಿ ಎಂದು ಯಾರೋ ಕೇಳಿದ್ದಾರೆ. ಅವಳ ಉತ್ತರ: ‘ಗಂಟಲು ಆಪರೇಷನ್ ಆಗಿದೆ. ಹಳೇ ದನಿ ಬರುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ನನ್ನ ಹತ್ರ ಇರೋ ಒಂಬತ್ತೇ ಉಳಿಯೋದು ಅನ್ಸುತ್ತೆ.’

ಬರುತ್ತೋ ಇಲ್ಲವೋ ಎಂದು ಡಾಕ್ಟರಮ್ಮ ನನಗೆ ಹೇಳಿರಲಿಲ್ಲ. ಇವರಿಗೆ ಹೇಳಿರಬೇಕು, ಇವರು ಅವಳಿಗೆ. ನನ್ನ ಗಂಟಲಿನ ವಿಚಾರ ನನಗೆ ಆ್ಯಪಿನಿಂದ ತಿಳಿಯಬೇಕಾಯಿತು.

ಮಧ್ಯಾಹ್ನ ಸೂಜಿ ದಾರ ಹುಡುಕಿ ರೇನ್‌ಕೋಟಿನ ತೋಳು ಹೊಲಿದೆ. ಏನಾದರೂ ಮಾಡುತ್ತಿರಬೇಕಲ್ಲ.

ಮಾರ್ಚ್ 13, ಗುರುವಾರ

ಡಾಕ್ಟರಮ್ಮ ದಿನಕ್ಕೆ ಐದು ನಿಮಿಷ ಮಾತಾಡಲು ಬಿಟ್ಟರು. ಮೊದಲ ಮಾತು ಏನಾಡಬೇಕೆಂದು ಎರಡು ವಾರದಿಂದ ಯೋಚಿಸಿದ್ದೆ. “ಹೇಗಿದ್ದೀರಿ ಅಂತ ಒಂದ್ಸಲ ಹೇಳಿ” ಎಂದರು ಅವರು. “ಹೇಗಿದ್ದೀರಿ” ಎಂದೆ. ತುಕ್ಕು ಹಿಡಿದ ಗೇಟನ್ನು ಯಾರೋ ತೆಗೆದ ಹಾಗಾಯಿತು. ಇವರು ಕಿಟಕಿಯ ಕಡೆ ನೋಡಿದರು.

ಮನೆಯಲ್ಲಿ ಐದು ನಿಮಿಷವನ್ನೂ ಖರ್ಚು ಮಾಡಲಿಲ್ಲ. ಆ ದನಿ ಮನೆಯಲ್ಲಿ ಕೇಳುವುದು ಬೇಡ ಅನ್ನಿಸಿತು.

ಮಾರ್ಚ್ 17, ಸೋಮವಾರ

ತಡೆಯಲಾಗಲಿಲ್ಲ. ಮೂರು ದಿನದಿಂದ ಬರೆದು, ಅಳಿಸಿ, ಬರೆದು, ಕೊನೆಗೆ ‘ಕಿಟಕಿ ಪಕ್ಕದ ಸೀಟಿ’ನಿಂದ ‘ತಡವಾದ ಗಾಡಿ’ಗೆ ಒಂದು ಮೆಸೇಜು ಕಳಿಸಿದೆ. ಗುರುತಿಲ್ಲದವರ ಮೆಸೇಜು ಬೇರೊಂದು ಮೂಲೆಗೆ ಹೋಗಿ ಬೀಳುತ್ತದೆ, ಅನೇಕರು ಅದನ್ನು ತೆಗೆದೇ ನೋಡುವುದಿಲ್ಲ. ಅದೇ ಧೈರ್ಯ.

‘ಎಂಟನೇ ವಿಡಿಯೋದಲ್ಲಿ ನೀವು ಅಮ್ಮನಿಗೆ ಏನೋ ಹೇಳೋಕೆ ಹೊರಟಿದ್ರಿ. ಏನದು?’

ಹನ್ನೊಂದು ಗಂಟೆಗೆ ಉತ್ತರ ಬಂತು.

‘ಇದನ್ನ ಕೇಳಿದ್ದು ನೀವೊಬ್ರೇ. ಕಾಲೇಜು ಬಿಟ್ಟಿದ್ದೀನಿ ಅಂತ ಹೇಳೋಕೆ.’

ಓದಿದೆ. ಎದ್ದು ನೀರು ಕುಡಿದೆ. ಮತ್ತೆ ಓದಿದೆ. ಬೆಳಿಗ್ಗೆ ಎಂಟೂವರೆಗೆ ಅವಳು ಬಿಳಿ ಕೋಟು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾರ್ಚ್ 18, ಮಂಗಳವಾರ

ಯಾವಾಗ ಬಿಟ್ಟಿರಿ ಎಂದು ಕೇಳಿದೆ. ಡಿಸೆಂಬರಿನಲ್ಲಂತೆ. ಹಾಗಾದರೆ ದಿನಾ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಬಹಳ ಹೊತ್ತು ಮೂರು ಚುಕ್ಕೆಗಳು ಕುಣಿದವು.

‘ರೈಲು ಸ್ಟೇಷನ್ನಿಗೆ. ನಾಲ್ಕನೇ ಪ್ಲಾಟ್‌ಫಾರ್ಮಿನ ಕೊನೇ ಬೆಂಚು. ನಮ್ಮಮ್ಮ ಅಲ್ಲೇ ಅನೌನ್ಸರ್. ಅಲ್ಲಿ ಕೂತ್ರೆ ಅಮ್ಮನ ದನಿ ಕೇಳುತ್ತೆ, ಅಮ್ಮನಿಗೆ ನಾನು ಕಾಣಲ್ಲ. ಅಲ್ಲಿ ಅವರು ಯಾರನ್ನೂ ಬೈಯಲ್ಲ. ಗಾಡಿ ಎರಡು ಗಂಟೆ ಲೇಟಾದ್ರೂ ಸಮಾಧಾನವಾಗಿ ಹೇಳ್ತಾರೆ.’



ಮೂರು ತಿಂಗಳು. ನಾನು ಮೇಲಿನ ಗಾಜಿನ ಕೋಣೆಯಲ್ಲಿ, ಅವಳು ಕೆಳಗೆ ಬೆಂಚಿನ ಮೇಲೆ. ನನ್ನ ಕೋಣೆಯಿಂದ ಒಂದನೇ, ಎರಡನೇ ಪ್ಲಾಟ್‌ಫಾರ್ಮು ಕಾಣುತ್ತದೆ. ನಾಲ್ಕರ ಕೊನೆ ಕಾಣುವುದಿಲ್ಲ, ನೀರಿನ ಟ್ಯಾಂಕು ಅಡ್ಡ.

ಮಾರ್ಚ್ 20, ಗುರುವಾರ

ಇವರಿಗೆ ಹೇಳಲೇ? ಹೇಳಿದರೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮಗಳು ಊಟಕ್ಕೆ ಕೂತಾಗ ಫೋನು ಮಗುಚಿಡುತ್ತೇನೆ. ‘ಕಿಟಕಿ ಪಕ್ಕದ ಸೀಟು’ ಎರಡು ದಿನದಿಂದ ಏನೂ ಬರೆದಿಲ್ಲವೆಂದು ಅವಳೇ ಕೇಳಿದ್ದಾಳೆ: ‘ನೀವೂ ಹೋದ್ರಾ?’



ಮಾರ್ಚ್ 21, ಶುಕ್ರವಾರ

ರಜೆಯ ಕಾಗದ ಕೊಡುವ ನೆವದಲ್ಲಿ ನಿಲ್ದಾಣಕ್ಕೆ ಹೋದೆ. ಕಾಗದ ಕೊಡಲಿಲ್ಲ. ಮೇಲ್ಸೇತುವೆ ಹತ್ತಿ ನಾಲ್ಕರ ಕಡೆ ಇಳಿದೆ.

ತಲೆಯ ಮೇಲೆ ನನ್ನದೇ ದನಿ ಗಾಡಿಗಳನ್ನು ಕರೆಯುತ್ತಿತ್ತು. ನಾನಿಲ್ಲದಾಗ ಹಾಕಲೆಂದು ಯಾವಾಗಲೋ ಮುದ್ರಿಸಿಟ್ಟದ್ದು. ಗಾಡಿಯ ಹೆಸರು ಒಂದು ಕಡೆ, ಹೊತ್ತು ಒಂದು ಕಡೆ ಹೇಳಿಸಿ ಜೋಡಿಸಿದ್ದಾರೆ, ನಡುವೆ ಒಂದು ಗುಟುಕು ನೀರು ಕುಡಿಯುವಷ್ಟು ಬಿಡುವು. ಯಾರಿಗೂ ಗೊತ್ತಾದ ಹಾಗಿರಲಿಲ್ಲ. ಜನ ಪೆಟ್ಟಿಗೆ ಎಳೆದುಕೊಂಡು ಓಡುತ್ತಿದ್ದರು.

ಕೊನೆಯ ಬೆಂಚಿನಲ್ಲಿ ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಓದುತ್ತಿರಲಿಲ್ಲ, ಫೋನೂ ನೋಡುತ್ತಿರಲಿಲ್ಲ. ಡಾಕ್ಟರರ ಹೊರಕೋಣೆಯಲ್ಲಿ ಹೆಸರು ಕೂಗುವುದನ್ನು ಕಾಯುವವರ ಹಾಗೆ ಬೆನ್ನು ನೆಟ್ಟಗೆ. ಹೋಗಿ ಪಕ್ಕದಲ್ಲಿ ಕೂತೆ.

ಬೆಚ್ಚಿಬಿದ್ದಳು. ಇವತ್ತು ಕ್ಲಾಸ್ ಬೇಗ ಬಿಟ್ಟರು ಎಂದಳು. ನಾನು ಫೋನು ತೆಗೆದು ‘ಕಿಟಕಿ ಪಕ್ಕದ ಸೀಟ’ನ್ನು ತೋರಿಸಿದೆ. ಅವಳು ಓದಿದಳು. ತನ್ನ ಉತ್ತರಗಳನ್ನು ತಾನೇ ಒಂದೊಂದಾಗಿ ಮೇಲಕ್ಕೆ ತಳ್ಳಿ ಓದಿದಳು. ಅವಳ ಕಿವಿಗಳು ಕೆಂಪಾದವು. ಚಿಕ್ಕವಳಿದ್ದಾಗಲೂ ಹಾಗೆಯೇ, ಅಳು ಬರುವ ಮೊದಲು ಕಿವಿ ಕೆಂಪಾಗುತ್ತಿತ್ತು.

“ನೀನಾ?” ಎಂದಳು. “ಯಾರೋ ಅಂದ್ಕೊಂಡು ಹೇಳಿದ್ದು ನಾನು. ನಿನಗಲ್ಲ.”

“ಮನೆಗೆ ನಡಿ” ಎಂದೆ. ಮೂರು ವಾರದಲ್ಲಿ ಅವಳಿಗೆ ಆಡಿದ ಮೊದಲ ಮಾತು. ಆ ಹೊಸ ದನಿಯನ್ನು ಕೇಳಿ ಒಂದು ಕ್ಷಣ ನನ್ನ ಮುಖ ನೋಡಿದಳು.

“ದನಿ ಬದಲಾದ್ರೂ ಮಾತು ಅದೇ. ನಡಿ, ಏಳು, ಕೂತ್ಕೋ. ನೀನು ಯಾರೋ ಆಗಿದ್ದಾಗ ಚೆನ್ನಾಗಿದ್ದೆ ಅಮ್ಮ. ಕೇಳ್ತಿದ್ದೆ.”

ಎದುರಿಗೆ ಒಂದು ಗಾಡಿ ಹೊರಡಲು ನಿಂತಿತ್ತು. ಎದ್ದು ಹತ್ತಿಬಿಟ್ಟಳು. ನಾನು ಏಳುವಷ್ಟರಲ್ಲಿ ಗಾಡಿ ಸರಿದುಹೋಯಿತು. ಅದು ಯಾವ ಗಾಡಿ, ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ನಿಲ್ಲುತ್ತದೆ, ಎಲ್ಲ ನನಗೆ ಬಾಯಿಪಾಠ. ಅವಳು ಎಲ್ಲಿ ಇಳಿಯುತ್ತಾಳೆ ಎಂದು ಮಾತ್ರ ಗೊತ್ತಿರಲಿಲ್ಲ.

ಸಂಜೆ ಆರಕ್ಕೆ ಮನೆಗೆ ಬಂದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 22, ಶನಿವಾರ

‘ತಡವಾದ ಗಾಡಿ’ ಕಾಣುತ್ತಿಲ್ಲ. ನನ್ನ ಎರಡೂ ಖಾತೆಗಳನ್ನು ಬ್ಲಾಕ್ ಮಾಡಿದ್ದಾಳೆ. ಇದನ್ನು ಮೀರುವುದು ಹೇಗೆಂದು ಕನ್ನಡಕದವನ ಹತ್ತಿರ ಒಂದು ವಿಡಿಯೋ ಇದೆ. ನೋಡಲಿಲ್ಲ.

ಮಾರ್ಚ್ 26, ಬುಧವಾರ

ಇವರಿಗೆ ಎಲ್ಲವನ್ನೂ ಹೇಳಿದೆ. ಬರೆದು ಹೇಳಿದೆ, ನೋಟ್‌ಬುಕ್ಕಿನ ನಾಲ್ಕು ಹಾಳೆ ಹರಿದು. ಇವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಮಗಳ ಮೇಲೂ ಕೂಗಾಡಲಿಲ್ಲ, ನನ್ನ ಮೇಲೂ ಕೂಗಾಡಲಿಲ್ಲ. ಅದೇ ಹೆಚ್ಚು ಕೆರಳಿಸಿತು. ಈಗಲೇ ಕಾಲೇಜಿಗೆ ಹೋಗಿ ಕೇಳೋಣ ಎಂದು ಬರೆದೆ. ಬೇಡ ಎಂದರು.

“ಲಿಫ್ಟ್ ನಡುವೆ ನಿಂತಾಗ ಒಳಗಿರೋರು ಇರೋ ಗುಂಡಿನೆಲ್ಲ ಒತ್ತಿಬಿಡ್ತಾರೆ. ಹೊರಗಿರೋರು ಬಾಗಿಲು ಬಡೀತಾರೆ. ಎರಡರಿಂದ್ಲೂ ಲಿಫ್ಟ್ ಅಲ್ಲಾಡಲ್ಲ. ನಾನು ಹೋದ ತಕ್ಷಣ ಹೇಳೋದೊಂದೇ, ನಾನಿಲ್ಲೇ ಇದ್ದೀನಿ ಅಂತ. ಆಮೇಲೆ ಸುಮ್ನೆ ಕೆಲಸ ಮಾಡ್ತೀನಿ.”

ಇವರಿಗೆ ಲೋಕದಲ್ಲಿರುವುದೆಲ್ಲ ಲಿಫ್ಟೇ. ಆದರೂ ಸಂಜೆ ಅವಳ ಬಾಗಿಲ ಹತ್ತಿರ ಹೋಗಿ ನಿಂತೆ. ಐದು ನಿಮಿಷ ಪೂರ್ತಿ ಉಳಿದಿತ್ತು. “ನಾನಿಲ್ಲಿದ್ದೀನಿ” ಎಂದೆ. ಬಾಗಿಲು ತೆರೆಯಲಿಲ್ಲ. ಬಂದುಬಿಟ್ಟೆ. ಏನು ಉಪಯೋಗವಾಯಿತೋ ದೇವರಿಗೇ ಗೊತ್ತು.

ಮಾರ್ಚ್ 31, ಸೋಮವಾರ

ದಿನಕ್ಕೆ ಹತ್ತು ನಿಮಿಷ ಆಗಿದೆ. ನಿಲ್ದಾಣದಲ್ಲಿ ದನಿ ಪರೀಕ್ಷೆ. ಮೇಲ್ವಿಚಾರಕರು ಮೈಕಿನ ಮುಂದೆ ಕೂರಿಸಿ ಎರಡು ಪ್ರಕಟಣೆ ಓದಿಸಿದರು. ಎರಡನೆಯದರ ನಡುವೆ ಕೈ ಎತ್ತಿ ಸಾಕೆಂದರು. ಒಳ್ಳೆಯ ಮನುಷ್ಯ, ಕಣ್ಣು ತಪ್ಪಿಸಲಿಲ್ಲ.

“ನಿಮ್ಮ ಹಳೇ ದನಿ ಹೇಗೂ ಕೆಲಸ ಮಾಡ್ತಾ ಇದೆಯಲ್ಲ ಮೇಡಂ. ಅದನ್ನೇ ಮುಂದುವರಿಸ್ತೀವಿ. ನೀವು ಮೇ ತಿಂಗಳಿಂದ ವಿಚಾರಣೆ ಕಿಟಕಿಗೆ ಬನ್ನಿ.”

ಅಂದರೆ ನಾನು ಮೇಲೆ ಕೂತು ಹೇಳುವುದು ಮುಗಿಯಿತು. ಇನ್ನು ಗಾಜಿನ ತೂತಿನ ಹಿಂದೆ ಕೂತು ಜನ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಹೊರಬರುವಾಗ ಟಿಕೆಟ್ ಕೌಂಟರಿನವಳು, ಅಕ್ಕ ನಿಮ್ಮ ದನಿ ಇವತ್ತು ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು ಎಂದಳು.

ಮನೆಗೆ ಬಂದು ಆ ಬೆಕ್ಕಿನ ವಿಡಿಯೋ ಹುಡುಕಿದೆ. ಅದು ಬ್ಲಾಕ್ ಆಗಿಲ್ಲ. ಒಂದು ಸಲ ಕೇಳಿ ಮುಚ್ಚಿದೆ.

ಏಪ್ರಿಲ್ 4, ಶುಕ್ರವಾರ

ನಾನು ತರಕಾರಿ ಹೆಚ್ಚುತ್ತಿದ್ದೆ. ಮಗಳು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿದಳು.

“ಬಯೋಕೆಮಿಸ್ಟ್ರಿ ಎರಡು ಸಲ ಹೋಯ್ತು” ಎಂದಳು.

ಬಾಯಿಗೆ ಹತ್ತು ಮಾತು ಬಂದವು. ಬೆಳಗಿನಿಂದ ಇವರ ಜೊತೆ, ಹಾಲಿನವನ ಜೊತೆ ಎಂಟು ನಿಮಿಷ ಆಗಿಹೋಗಿತ್ತು. ಎರಡು ನಿಮಿಷದಲ್ಲಿ ಆ ಹತ್ತೂ ಮುಗಿಯುವಂಥವಲ್ಲ. ಹಾಗಾಗಿ, “ಆಮೇಲೆ?” ಎಂದೆ.

ಆಮೇಲೆ ಹೇಳಿದಳು. ನವೆಂಬರಿನ ಪ್ರಾಕ್ಟಿಕಲ್‌ನಲ್ಲಿ ಎರಡು ರಕ್ತದ ಟ್ಯೂಬುಗಳ ಚೀಟಿ ಅದಲು ಬದಲಾಯಿತಂತೆ. ಇಪ್ಪತ್ತು ಜನರ ಮುಂದೆ ಲ್ಯಾಬಿನ ಮೇಷ್ಟ್ರು, ನಿನ್ನ ಕೈಗೆ ಜನರ ಪ್ರಾಣ ಕೊಡೋಕಾಗುತ್ತಾ ಎಂದರಂತೆ. ಅದೇ ಹೊತ್ತಿಗೆ ಮನೆಯಲ್ಲಿ ನಾನೂ ಅಂಥದ್ದೇ ಒಂದು ಮಾತು ಅಂದಿದ್ದೆನಂತೆ. ಹೌದು, ಅಂದಿದ್ದೆ, ಅದು ಪ್ರಕಟಣೆ ಆರು. ಅಲ್ಲಿಂದಾಚೆಗೆ ಟ್ಯೂಬು ಹಿಡಿದರೆ ಕೈ ನಡುಗತೊಡಗಿತು. ಒಂದು ದಿನ ಕಾಲೇಜಿನ ಗೇಟಿನವರೆಗೆ ಹೋಗಿ ವಾಪಸು ಬಂದಳು. ಮರುದಿನ ಗೇಟಿನವರೆಗೂ ಹೋಗಲಿಲ್ಲ.

“ಆಮೇಲೆ?”

ಕೆಲಸ ಇಷ್ಟವಂತೆ. ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಹಳ ಇಷ್ಟವಂತೆ. ಇದು ನನಗೆ ಗೊತ್ತಿರಲಿಲ್ಲ. ಆ ಮೇಷ್ಟ್ರಿಲ್ಲದ ಬೇರೆ ವಿಭಾಗದಲ್ಲಿ ಮತ್ತೆ ಎರಡನೇ ವರ್ಷ ಕೂರಿಸುತ್ತಾರೇನೋ, ಪ್ರಿನ್ಸಿಪಾಲರನ್ನು ಕೇಳಬೇಕು, ಒಬ್ಬಳೇ ಹೋಗಲು ಧೈರ್ಯವಿಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕೈಯಿಂದ ಚಾಕು ತೆಗೆದುಕೊಂಡು ಉಳಿದದ್ದನ್ನು ಅವಳೇ ಹೆಚ್ಚಿದಳು. ಒಂದೊಂದು ತುಂಡು ಒಂದೊಂದು ಅಳತೆ. ನೋಡಿಕೊಂಡು ಸುಮ್ಮನಿದ್ದೆ.

ಇತ್ತೀಚೆಗೆ ಈ ಹುಡುಗಿಗೆ ಮಾತು ಹೆಚ್ಚಾಗಿದೆ. ಒಲೆ ಹಚ್ಚಲು ಮುಕ್ಕಾಲು ಗಂಟೆ ತಡವಾಯಿತು.

ಏಪ್ರಿಲ್ 5, ಶನಿವಾರ

ಬ್ಲಾಕ್ ತೆಗೆದಿದ್ದಾಳೆ. ‘ಕಿಟಕಿ ಪಕ್ಕದ ಸೀಟ’ನ್ನು ನಾನು ಅವಳೆದುರೇ ಅಳಿಸಿದೆ. ಮೂವತ್ತು ದಿನ ಅದು ಪೂರ್ತಿ ಹೋಗುವುದಿಲ್ಲ, ನಡುವೆ ಮನಸ್ಸು ಬದಲಾದರೆ ವಾಪಸು ತರಬಹುದು ಎಂದು ನಾನೇ ಅವಳಿಗೆ ತಿಳಿಸಿದೆ. ನಿನಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದಳು.

ನಿನ್ನ ದನಿಯ ಒಂಬತ್ತನ್ನೂ ತೆಗೆದುಬಿಡುತ್ತೇನೆ, ಕೇಳದೆ ಹಾಕಿದ್ದು ತಪ್ಪು ಎಂದಳು. ಆದರೆ ಮೂಲ ತೆಗೆದರೆ ಅದನ್ನು ಬಳಸಿದ ಎಲ್ಲ ವಿಡಿಯೋಗಳ ಸದ್ದೂ ಹೋಗಿ ಮೂಕವಾಗುತ್ತವಂತೆ. ಈಗ ಅವು ಐದು ಸಾವಿರದ ಹತ್ತಿರ. ತಿಂಗಳ ಹಿಂದೆ ಕೇಳಿದ್ದರೆ ಅವಳ ಬೆರಳು ಹಿಡಿದು ನಾನೇ ಒತ್ತಿಸುತ್ತಿದ್ದೆ.

“ಎಂಟನೇದು, ಆರನೇದು ತೆಗಿ. ಉಳಿದದ್ದು ಇರಲಿ” ಎಂದೆ. ಬೆಕ್ಕು ನೋಡುವವರು ಪಾಪ ಏನು ಮಾಡಿದ್ದಾರೆ.

ತೆಗೆಯುವ ಮೊದಲು ಆರನೆಯದನ್ನು ಇಬ್ಬರೂ ಕೂತು ಒಂದು ಸಲ ಕೇಳಿದೆವು.  ನಾನು, “ಹಾಗೆ ಅನ್ನಬಾರದಾಗಿತ್ತು” ಎಂದೆ. 

ಏಪ್ರಿಲ್ 9, ಬುಧವಾರ

ಬೆಳಿಗ್ಗೆಯಿಂದ ಒಂದು ಮಾತೂ ಆಡದೆ ಹತ್ತು ನಿಮಿಷವನ್ನೂ ಕೂಡಿಟ್ಟುಕೊಂಡಿದ್ದೆ. ಇವರು ಚಹಾ ಬೇಕಾ ಎಂದರೆ ತಲೆಯಾಡಿಸಿದೆ. ಪ್ರಿನ್ಸಿಪಾಲರಿಗೆ ಹೇಳಬೇಕಾದ್ದನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಜೋಡಿಸಿದೆ. ಮೊದಲು ಲ್ಯಾಬಿನ ಮೇಷ್ಟ್ರ ವಿಚಾರ, ಆಮೇಲೆ ಹಾಜರಿ, ಕೊನೆಗೆ ವಿನಂತಿ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಬಿಡಬೇಕು ಎಂಬುದೂ ತಯಾರಿತ್ತು.

ಕಾಲೇಜಿನ ಓಣಿಯಲ್ಲಿ ಔಷಧಿಯ ವಾಸನೆ. ಮಗಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪ್ರಿನ್ಸಿಪಾಲರು ವಯಸ್ಸಾದ ಹೆಂಗಸು. ಕಡತ ತಿರುವಿ, ನಾಲ್ಕು ತಿಂಗಳು ಹಾಜರಿಯಿಲ್ಲ, ಎರಡು ಪತ್ರ ಕಳಿಸಿದ್ದೆವು, ಉತ್ತರವಿಲ್ಲ ಎಂದು ಓದಿದರು. ಕನ್ನಡಕ ಕೆಳಗಿಟ್ಟು, ಮಗಳನ್ನಲ್ಲ, ನನ್ನನ್ನು ನೋಡಿದರು.

“ಹೇಳಿ. ಏನಾಯ್ತು?”

ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕಕ್ಕೆ ತಿರುಗಿದೆ. ಅವಳ ಕಿವಿ ಕೆಂಪಾಗಿತ್ತು.

“ಅವಳೇ ಹೇಳ್ತಾಳೆ” ಎಂದೆ.

ಹೇಳಿದಳು. ಮೊದಲು ತಡವರಿಸಿದಳು, ಅದಲು ಬದಲಾದ ಚೀಟಿಯ ಮಾತು ಬಂದಾಗ ನಿಂತೇಹೋದಳು. ಮೇಜಿನ ಕೆಳಗೆ ನನ್ನ ಕೈಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಮತ್ತೆ ಶುರು ಮಾಡಿದಳು. ತಪ್ಪು ನನ್ನದೇ ಎಂದಳು, ಆದರೆ ಮೇಷ್ಟ್ರು ಆ ಮಾತು ಆಡಬಾರದಿತ್ತು ಎಂದೂ ಹೇಳಿದಳು. ಇಷ್ಟು ಅಚ್ಚುಕಟ್ಟಾಗಿ ನಾನು ಹೇಳುತ್ತಿರಲಿಲ್ಲ. ಜುಲೈನಿಂದ ಬೇರೆ ವಿಭಾಗದಲ್ಲಿ ಕೂರಬಹುದು, ಮೊದಲ ತಿಂಗಳು ವಾರಕ್ಕೊಮ್ಮೆ ನನ್ನನ್ನು ಬಂದು ನೋಡಬೇಕು ಎಂದರು ಪ್ರಿನ್ಸಿಪಾಲರು. ಆ ಮೇಷ್ಟ್ರನ್ನು ಕರೆದು ಮಾತಾಡುತ್ತೇನೆಂದೂ ಹೇಳಿದರು. ಮಾಡುತ್ತಾರೋ ಇಲ್ಲವೋ ನೋಡಬೇಕು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ಅವಳು ಕಂಬಿ ಹಿಡಿದುಕೊಂಡು ರಕ್ತಕಣಗಳ ಬಗ್ಗೆ ಏನೇನೋ ಹೇಳುತ್ತಿದ್ದಳು. ಅರ್ಧ ತಿಳಿಯಲಿಲ್ಲ, ತಲೆಯಾಡಿಸಿದೆ. ನಾವು ಇಳಿಯುವ ನಿಲ್ದಾಣ ಹೋಗಿಬಿಟ್ಟಿತು. ಒಂದು ನಿಲ್ದಾಣ ಹಿಂದಕ್ಕೆ ಬಿಸಿಲಿನಲ್ಲಿ ನಡೆದು ಬಂದೆವು.

ಇವತ್ತಿನ ಹತ್ತು ನಿಮಿಷದಲ್ಲಿ ಒಂಬತ್ತೂವರೆಗಿಂತ ಹೆಚ್ಚು ಹಾಗೇ ಉಳಿಯಿತು. ನಾಳೆಗೆ ಸೇರಿಸಿಕೊಳ್ಳಬಹುದೇ ಎಂದು ಡಾಕ್ಟರಮ್ಮನನ್ನು ಕೇಳಬೇಕು.